ಉರಿಯುವ ಬಲ್ಬು, ಆರಿದ ಬಲ್ಬು

ಇಂದು ಕಾರಿನ ಇಂಡಿಕೇಟರ್ ಬಲ್ಬೊಂದನ್ನು ಮೇಜಿನ ಮೇಲೆ ಉರಿಸಿ ಅಳೆದೆ. 12 ವೋಲ್ಟ್, 1.75 ಆಂಪಿಯರ್. ಗುಣಿಸಿದರೆ 21 ವ್ಯಾಟ್. ಬಲ್ಬಿನ ಬುಡದಲ್ಲಿ ಅಚ್ಚಾಗಿದ್ದದ್ದೂ ಅದೇ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಅಂದರೆ ವಿದ್ಯುತ್ ಹರಿವಿಗೆ ತಂತಿ ಒಡ್ಡುವ ತಡೆ, ಸುಮಾರು 6.9 ಓಮ್.

ಆರಿಸಿ, ತಣ್ಣಗಾದ ಮೇಲೆ ಮಲ್ಟಿಮೀಟರ್ ಹಿಡಿದು ರೋಧವನ್ನು ನೇರವಾಗಿ ಅಳೆದೆ. ಒಂದು ಓಮ್ ಕೂಡ ಇಲ್ಲ!

ಅದೇ ಬಲ್ಬು, ಅದೇ ಟಂಗ್‌ಸ್ಟನ್ ತಂತಿ. ಕಾದು ಬೆಳ್ಳಗೆ ಉರಿಯುವಾಗ ಅದರ ರೋಧ ಹತ್ತು ಪಟ್ಟಿಗೂ ಮೀರಿ ಏರಿರುತ್ತದೆ. ಅಂದರೆ ಸ್ವಿಚ್ ಒತ್ತಿದ ಕ್ಷಣದಲ್ಲಿ, ತಂತಿ ಇನ್ನೂ ತಣ್ಣಗಿರುವಾಗ, ವಿದ್ಯುತ್ ಒಮ್ಮೆಲೇ ನುಗ್ಗುತ್ತದೆ. ಸವೆದ ಬಲ್ಬುಗಳು ಹೆಚ್ಚಾಗಿ ಹೊತ್ತಿಸುವಾಗಲೇ ಸುಟ್ಟುಹೋಗುವುದು ಇದಕ್ಕೇ.

ಭಾಗಿಸಿ ಸಿಗುವ ರೋಧ ಆ ಹೊತ್ತಿನದು, ಆ ಬಿಸಿಯದು. ಈ ಲೆಕ್ಕವನ್ನು ಮಕ್ಕಳಿಗೆ ಬಲ್ಬು ಉರಿಸಿಯೇ ಕಲಿಸಬೇಕು ಎಂದು ಬಲವಾಗಿ ಅನಿಸುತ್ತಿದೆ.