ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡ ಸಂಜೆ

ಕಳೆದ ತಿಂಗಳು ಒಂದು ಸಂಜೆ ಆಫೀಸಿನಿಂದ ಬರುವಾಗ ಕಿವಿಯಲ್ಲಿ ‘ತಲೆ-ಹರಟೆ’ ಓಡುತ್ತಿತ್ತು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ನಡೆಸಿಕೊಂಡು ಬಂದ ಕನ್ನಡ ಪಾಡ್‌ಕಾಸ್ಟ್ ಅದು. ಅದರ ನಿಧಾನ ನನಗಿಷ್ಟ. ಟಿವಿ ಚರ್ಚೆಯ ಹಾಗೆ ಕಿರುಚಾಟ ಇಲ್ಲ, ಬಂದವರಿಗೆ ಮಾತು ಮುಗಿಸೋಕೆ ಬಿಡುತ್ತಾರೆ, ಜಗಲಿ ಮೇಲೆ ಕೂತು ಕೇಳಿಸಿಕೊಂಡ ಹಾಗಿರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಮುಂದೆ ಒಬ್ಬರು ಡೆಲಿವರಿ ಹುಡುಗನಿಗೆ ಬೈಯುತ್ತಿದ್ದರು. ‘ಬೋರ್ಡ್ ಓದೋಕೆ ಬರಲ್ವಾ? ನಿಮಗೆಲ್ಲ ಸರ್ವಿಸ್ ಲಿಫ್ಟ್ ಇಲ್ವಾ?’ ಹೊರಗೆ ಜೋರು ಮಳೆ. ಹುಡುಗನ ಬ್ಯಾಗಿನಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಸಣ್ಣ ಮಡು ಆಗಿತ್ತು. ಸರ್ವಿಸ್ ಲಿಫ್ಟ್ ಕೆಟ್ಟು ಎರಡು ದಿನ ಆಗಿತ್ತು, ಅದು ನನಗೂ ಗೊತ್ತಿತ್ತು. ಒಂದು ಕಿವಿಯ ಇಯರ್‌ಫೋನ್ ತೆಗೆದೆ. ಕೇಳಿಸಿಕೊಂಡೆ. ಮತ್ತೆ ಸಿಕ್ಕಿಸಿಕೊಂಡು ಲಿಫ್ಟ್ ಹತ್ತಿದೆ. ಬಾಗಿಲು ಮುಚ್ಚುವಾಗ ಅವನು ಮೆಟ್ಟಿಲ ಕಡೆ ತಿರುಗಿದ್ದು ಕಾಣಿಸಿತು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದೆ. 2013ರಲ್ಲಿ ಬಂದ ಪುಸ್ತಕ, ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಇರುವೆ ಕಾಟದ ಇಕ್ಕಟ್ಟಿನ ಮನೆಯಲ್ಲಿದ್ದ ಕುಟುಂಬ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದ ಮೇಲೆ ದೊಡ್ಡ ಮನೆಗೆ ಬರುತ್ತದೆ. ಒಂದು ದಿನ ಒಬ್ಬ ಹೆಂಗಸು ಚಿಕ್ಕಪ್ಪನಿಗಾಗಿ ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದ ಹಾಗೆ ಬೈದು ಅಟ್ಟುತ್ತಾರೆ, ತಂದಿದ್ದು ಚೆಲ್ಲಿಹೋಗುತ್ತದೆ. ಕತೆ ಹೇಳುವವನು ಅಲ್ಲೇ ಇರುತ್ತಾನೆ. ಕೆಟ್ಟವನಲ್ಲ ಅವನು. ಸುಮ್ನೆ ಇರುತ್ತಾನೆ, ಅಷ್ಟೆ. ಮೊದಲ ಸಲ ಓದಿದಾಗ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು. ಆ ರಾತ್ರಿ ಆ ಪುಟ ದಾಟೋಕೇ ಆಗಲಿಲ್ಲ.

ನೆನಪಾಗಿದ್ದು, ಯಾಕೋ, ಸರ್ಫ್ ಎಕ್ಸೆಲ್‌ನ ಆ ಹಳೇ ಜಾಹೀರಾತು. ಸ್ಕೂಲಿನಿಂದ ಬರುವಾಗ ತಂಗಿ ಕೆಸರಿಗೆ ಬೀಳುತ್ತಾಳೆ, ಅಳುತ್ತಾಳೆ. ಅಣ್ಣ ಒಂದು ಕ್ಷಣವೂ ಯೋಚನೆ ಮಾಡದೆ ಕೆಸರಿಗೇ ಗುದ್ದೋಕೆ ಶುರು ಮಾಡುತ್ತಾನೆ, ಸಾರಿ ಕೇಳು ಅಂತ. ಯೂನಿಫಾರ್ಮ್ ಪೂರ್ತಿ ಹಾಳು. ಕೊನೆಗೆ ಎದ್ದು ತಂಗಿಗೆ ಹೇಳುತ್ತಾನೆ, ಕೆಸರು ಸಾರಿ ಕೇಳಿತು ಅಂತ. ಸೋಪಿನ ಪುಡಿ ಮಾರೋಕೆ ಮಾಡಿದ್ದು, ಒಪ್ಪಿದೆ. ಆದರೂ ಆ ಹುಡುಗ ನನಗೆ ನಿಜ. ಬಿದ್ದವರ ಪಕ್ಕ ನಿಲ್ಲೋಕೆ ಅವನು ತನ್ನ ಬಟ್ಟೆ ನೋಡಿಕೊಳ್ಳಲಿಲ್ಲ. ನಾನು ನೋಡಿಕೊಂಡೆ. ಬೈಯುತ್ತಿದ್ದವರು ನಮ್ಮ ಪಕ್ಕದ ಮನೆಯವರು, ದಿನಾ ಮುಖ ನೋಡಬೇಕಲ್ವಾ ಅನ್ನೋದೇ ಆಗ ನನ್ನ ತಲೆಯಲ್ಲಿ ಇದ್ದಿದ್ದು.

ಮಾರನೇ ದಿನದಿಂದ ಆ ಡೆಲಿವರಿ ಹುಡುಗನಿಗಾಗಿ ಹುಡುಕಿದೆ, ಮತ್ತೆ ಸಿಗಲಿಲ್ಲ. ಮೊನ್ನೆ ಭಾನುವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ಎದ್ದು ನಿಂತು, ಆ ಬೋರ್ಡ್ ತೆಗೆಯಿರಿ ಅಂದೆ. ಧ್ವನಿ ನಡುಗುತ್ತಿತ್ತು. ಪಕ್ಕದ ಮನೆಯವರು ನನ್ನನ್ನೇ ನೋಡುತ್ತಿದ್ದರು. ಮೂರನೇ ಮಹಡಿಯ ಅಜ್ಜಿಯೊಬ್ಬರು ಮಾತ್ರ ಕೈ ಎತ್ತಿದರು. ಬೋರ್ಡ್ ಇನ್ನೂ ಅಲ್ಲೇ ಇದೆ, ಮುಂದಿನ ಮೀಟಿಂಗಿಗೆ ಇನ್ನು ಮೂರು ವಾರ.