ಅಷ್ಟೂರಿನ ಇಳಿಜಾರಿನಲ್ಲಿ ಕೇಳಿಸದ ಕೂಗು

ಬೀದರಿನ ಹಳೆಯ ಊರಿನ ನಡುವೆ ನಿಂತಿರುವ ಚೌಬಾರ ಎಂಬ ಕಾವಲು ಗೋಪುರದ ಬುಡದಿಂದ ಹೊರಟು, ಪೂರ್ವದ ಇಳಿಜಾರಿನಲ್ಲಿ ಸೂಫಿ ಸಂತರೊಬ್ಬರ ಗೋರಿಯಾದ ಚೌಖಂಡಿಯನ್ನು ದಾಟಿ, ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳವರೆಗೆ ಓಡಿ ಮರಳುವುದು ಎರಡು ವರ್ಷಗಳ ಕಾಲ ನನ್ನ ಬೆಳಗಿನ ನೇಮವಾಗಿತ್ತು. ಆ ಎರಡು ವರ್ಷವೂ ನಾನು ಒಬ್ಬನೇ ಓಡಿದೆ, ಮತ್ತು ಕಿವಿಯಲ್ಲಿ ಹಾಡಿಲ್ಲದೆ ಒಂದು ದಿನವೂ ಹೊಸ್ತಿಲು ದಾಟಲಿಲ್ಲ.

ಹಾಡುಗಳನ್ನು ನಾನು ದಾರಿಗೆ ತಕ್ಕಂತೆ ಜೋಡಿಸಿಕೊಂಡಿದ್ದೆ. ಮೈ ಬೆಚ್ಚಗಾಗುವ ಮೊದಲ ಹತ್ತು ನಿಮಿಷಕ್ಕೆ ನಿಧಾನ ಗತಿಯ ವಚನ ಗಾಯನ, ಇಳಿಜಾರು ಮುಗಿದು ಹೊಲಗಳ ನಡುವಿನ ಸಮತಟ್ಟಾದ ರಸ್ತೆ ಸಿಕ್ಕಿದಾಗ ಹಳೆಯ ಚಿತ್ರಗೀತೆಗಳು, ಮರಳುವಾಗಿನ ಏರಿಗೆ ಹಲಗೆಯ ಬಡಿತವಿರುವ ಜನಪದ ಹಾಡುಗಳು. ನನ್ನ ಹೆಜ್ಜೆ ನಿಮಿಷಕ್ಕೆ ಸುಮಾರು 165 ಬೀಳುತ್ತದೆ. ತಾಳ ಅದಕ್ಕೆ ಕೂಡಿ ಬಂದ ದಿನ ಕಾಲುಗಳನ್ನು ಬೇರೆ ಯಾರೋ ಎತ್ತಿ ಇಡುತ್ತಿರುವಂತೆ ಹಗುರವಾಗುತ್ತಿತ್ತು. ಸಂಗೀತ ಮತ್ತು ವ್ಯಾಯಾಮದ ಸಂಬಂಧವನ್ನು ಬಹಳ ಕಾಲದಿಂದ ಅಧ್ಯಯನ ಮಾಡಿರುವ ಬ್ರಿಟನ್ನಿನ ಕೋಸ್ಟಾಸ್ ಕರಗೆಯೋರ್ಗಿಸ್ ಅವರ ಸಂಶೋಧನೆಯ ಬಗ್ಗೆ ಓದಿದಾಗ ನನ್ನ ಅನುಭವಕ್ಕೆ ಕಾರಣ ಸಿಕ್ಕಿತು: ಸಾಧಾರಣ ಶ್ರಮದಲ್ಲಿ ಹಾಡು ದಣಿವಿನ ಅರಿವನ್ನು ತಗ್ಗಿಸುತ್ತದೆ, ಆದರೆ ಶ್ರಮ ಮಿತಿಯ ಹತ್ತಿರ ಬಂದಂತೆ ದೇಹದ ಕೂಗೇ ಮೇಲಾಗಿ ಹಾಡಿನ ಬಲ ಕುಂದುತ್ತದೆ. ಚೌಖಂಡಿಯ ಕೆಳಗಿನ ಏರಿನಲ್ಲಿ ಎಂಥ ಹಲಗೆಯ ಹಾಡೂ ನನ್ನನ್ನು ಕೈಬಿಡುತ್ತಿದ್ದುದು ಅದಕ್ಕೇ ಇರಬೇಕು.

ಕೂಡು ಕುಟುಂಬದ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮತ್ತೆ ಆ ಮನೆಗೆ ಹೋಗುವ ನನಗೆ ಯಾರೂ ಏನನ್ನೂ ಕೇಳದ ಆ ಐವತ್ತು ನಿಮಿಷ ಬಹಳ ಪ್ರಿಯವಾಗಿತ್ತು. ಹೊತ್ತು ತುಸು ಏರಿದ ದಿನಗಳಲ್ಲಿ ವಾಯುಪಡೆಯ ತರಬೇತಿ ಕೇಂದ್ರದಿಂದ ಏಳುವ ಹಾಕ್ ವಿಮಾನಗಳ ಸದ್ದೊಂದೇ ಹಾಡನ್ನು ಸೀಳಿ ಒಳಗೆ ಬರುತ್ತಿತ್ತು. ಉಳಿದ ಲೋಕವೆಲ್ಲ ಹೊರಗೇ ಇರುತ್ತಿತ್ತು, ಇರಲಿ ಎಂದೇ ನಾನೂ ಬಯಸುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಇಬ್ಬರು ಗೆಳೆಯರು ಜೊತೆಯಾದರು. ಒಬ್ಬರು ಶಾಲೆಯ ಮಾಸ್ತರರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಇನ್ನೊಬ್ಬ ಬಿದರಿ ಕಸುಬಿನವನು. ದಿನವಿಡೀ ಕುಳಿತು, ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೀರು ತೆಗೆದು ಬೆಳ್ಳಿ ತಂತಿ ಕೂಡಿಸುವ ಕೆಲಸ ಅವನದು. ಬೆನ್ನು ಹಿಡಿಯುತ್ತದೆಂದು ವೈದ್ಯರ ಸಲಹೆಯಂತೆ ಓಡಲು ಬಂದಿದ್ದ. ನೀನೂ ಹಾಡು ಕೇಳುತ್ತ ಓಡು ಎಂದು ನಾನು ಹೇಳಿದಾಗ ಅವನು ಒಪ್ಪಲಿಲ್ಲ. “ಇಡೀ ದಿನ ಸುತ್ತಿಗಿ ಸಪ್ಪಳಾನೇ ಕಿವ್ಯಾಗ ಇರ್ತದ ಅಣ್ಣ, ಮುಂಜಾನಿ ಒಂದ್ ತಾಸು ಕಿವಿ ಖಾಲಿ ಇರ್ಲಿ” ಎಂದ. ಆ ಮಾತನ್ನು ನಾನು ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮಾಸ್ತರರ ಓಟಕ್ಕೆ ಒಂದೇ ನಿಯಮವಿತ್ತು. ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು. ವಾಕ್ಯ ನಡುವೆ ತುಂಡಾದರೆ ವೇಗ ಹೆಚ್ಚಾಗಿದೆ ಎಂದರ್ಥ. ಹೃದಯದ ಬಡಿತ ಅಳೆಯುವ ಗಡಿಯಾರ ಇಲ್ಲದವರಿಗೂ ಹಗುರವಾದ ಓಟದ ಅಳತೆ ಇದರಿಂದ ಸರಿಯಾಗಿಯೇ ಸಿಗುತ್ತದೆ. ಅವರು ತೊಗರಿಯ ಧಾರಣೆಯಿಂದ ಹಿಡಿದು ಮೊಮ್ಮಗನ ಹಲ್ಲಿನವರೆಗೆ ಮಾತಾಡುತ್ತ ಓಡುತ್ತಿದ್ದರು. ಇದು ನನಗೆ ನಿಧಾನ ಅನ್ನಿಸಿತು. ಹೀಗಾಗಿ ಭಾನುವಾರಗಳಂದು ಅವರೊಂದಿಗೆ ಹೊರಟರೂ ಇಯರ್‌ಫೋನ್ ತೆಗೆಯದೆ, ಅವರಿಗಿಂತ ಹತ್ತಿಪ್ಪತ್ತು ಹೆಜ್ಜೆ ಮುಂದೆ, ನನ್ನ ತಾಳಕ್ಕೆ ನಾನು ಓಡುತ್ತಿದ್ದೆ. ಜೊತೆಯೂ ಇದೆ, ಹಾಡೂ ಇದೆ ಎಂದು ಸಮಾಧಾನ ಪಟ್ಟುಕೊಂಡಿದ್ದೆ.

ಜನವರಿಯ ಒಂದು ಭಾನುವಾರ ಇನ್ನೂ ಮಬ್ಬುಗತ್ತಲೆಯಿದ್ದಾಗ ಹೊರಟೆವು. ಕಬ್ಬು ಕಡಿಯುವ ಕಾಲ. ರಾತ್ರಿ ಹೋದ ಟ್ರ್ಯಾಕ್ಟರುಗಳಿಂದ ಬಿದ್ದ ಜಲ್ಲೆಗಳು ರಸ್ತೆಯಂಚಿನಲ್ಲಿ ಅಲ್ಲಲ್ಲಿ ಹರಡಿದ್ದವು. ಚೌಖಂಡಿ ದಾಟಿ ಅಷ್ಟೂರಿನ ಕಡೆಗಿನ ಇಳಿಜಾರಿನಲ್ಲಿ ನನ್ನ ಮೆಚ್ಚಿನ ಹಾಡೊಂದು ಬಂತು, ನಾನು ಧ್ವನಿ ಏರಿಸಿ ವೇಗವನ್ನೂ ಏರಿಸಿದೆ. ಸಿಡಿಲು ಬಡಿದು ಅರ್ಧ ಗುಮ್ಮಟ ಕಳಚಿಬಿದ್ದ ಹುಮಾಯೂನ್ ಷಾ ಬಹಮನಿಯ ಗೋರಿ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಬಂದ ಮೇಲೆ, ಗೆಳೆಯರಿಗೆ ಅದನ್ನು ತೋರಿಸೋಣವೆಂದು ತಿರುಗಿ ನೋಡಿದರೆ ರಸ್ತೆ ಖಾಲಿಯಿತ್ತು.

ನಾನು ಇಯರ್‌ಫೋನ್ ಕಿತ್ತು ಹಿಂದಕ್ಕೆ ಓಡಿದೆ. ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋದ ಮೇಲೆ ಅವರು ಕಂಡರು. ಬಿದರಿ ಗೆಳೆಯ ಕಬ್ಬಿನ ಜಲ್ಲೆಯ ಮೇಲೆ ಕಾಲಿಟ್ಟು ಎಡಗಾಲು ಹೊರಳಿ ಬಿದ್ದಿದ್ದ. ಅಂಗೈ ಕೆಂಪು ಮೊರಂ ಮಣ್ಣಿನಲ್ಲಿ ತರಚಿ ರಕ್ತ ಬರುತ್ತಿತ್ತು. ಗೆರೆ ತಪ್ಪದಂತೆ ಉಳಿ ಹಿಡಿಯುವ ಕೈ ಅದು. ಮಾಸ್ತರರು ತಮ್ಮ ಮಫ್ಲರನ್ನು ಅವನ ಕೈಗೆ ಸುತ್ತಿ, ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಕುಳಿತಿದ್ದರು. “ಎಷ್ಟ್ ಒದರಿದ್ವಿ, ಕೇಳ್ಸಲೇ ಇಲ್ಲೇನಪಾ ನಿನಗ?” ಎಂದು ಅವರು ಕೇಳಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಏನಾದರೂ ನನಗೇ ಆಗಿದೆಯೇನೋ ಎಂಬ ಗಾಬರಿಯಿತ್ತು. ಗೆಳೆಯ ಮಾತ್ರ “ಇರ್ಲಿ ಬಿಡ್ರಿ ಸರ್, ಅಣ್ಣಗ ಗೊತ್ತಾಗಿಲ್ಲ” ಎಂದ. ಬಿದ್ದವನೇ ನನ್ನ ಪರವಾಗಿ ಮಾತಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಹಾಲಿನ ಕ್ಯಾನು ಹೊತ್ತು ಊರಿಗೆ ಹೊರಟಿದ್ದ ಬೈಕಿನವರೊಬ್ಬರು ಕ್ಯಾನುಗಳನ್ನು ಒಂದು ಬದಿಗೆ ಸರಿಸಿ ಅವನನ್ನು ಕೂರಿಸಿಕೊಂಡರು. ಮೂಳೆ ಮುರಿದಿರಲಿಲ್ಲ, ಕೀಲು ಉಳುಕಿತ್ತು, ಮೂರು ವಾರ ವಿಶ್ರಾಂತಿ ಬೇಕಾಯಿತು. ಮಾಸ್ತರರೂ ನಾನೂ ಆ ಏರನ್ನು ನಡೆದೇ ಹತ್ತಿದೆವು. ಅದೇ ದಾರಿಯಲ್ಲಿ ಎರಡು ವರ್ಷ ಓಡಿದ್ದರೂ ತೊಗರಿ ರಾಶಿಯ ಕಣದಲ್ಲಿ ಜನ ಮಾತಾಡುವ ಸದ್ದು, ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವರ ಕೂಗು ನನಗೆ ಅಂದೇ ಮೊದಲು ಕೇಳಿಸಿದ್ದು. ನನ್ನ ಉಸಿರಿನ ಸದ್ದನ್ನೂ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು, ನನಗಿಂತ ಹನ್ನೆರಡು ವರ್ಷ ಹಿರಿಯರಾದ ಮಾಸ್ತರರು ಮಾತ್ರ ನಿರಾಳವಾಗಿ ಮಾತಾಡುತ್ತಲೇ ಇದ್ದರು.

ಹಾಡನ್ನು ನಾನು ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ವಾರದ ನಡುವೆ ಒಬ್ಬನೇ ಓಡುವ ದಿನಗಳಲ್ಲಿ, ವಾಹನ ಬಾರದ ಮೈದಾನದ ಸುತ್ತುಗಳಿಗೆ ಅದು ಬೇಕೇ ಬೇಕು. ಅಷ್ಟೂರಿನ ರಸ್ತೆಗೆ ಮಾತ್ರ ಇಯರ್‌ಫೋನ್ ಒಯ್ಯುವುದಿಲ್ಲ. ಮೊದಲ ಎರಡು ಭಾನುವಾರ ಕಾಲು ಭಾರವಾಗಿ, ದಾರಿ ಎರಡು ಪಟ್ಟು ಉದ್ದವಾದಂತೆ ಅನ್ನಿಸಿತು. ಮಾಸ್ತರರ ನಿಯಮದಂತೆ ವಾಕ್ಯ ಮುಗಿಸಲು ನಾನು ತಡವರಿಸುತ್ತಿದ್ದೆ, ಅವರು ಕಾಯುತ್ತಿದ್ದರು.

ಫೆಬ್ರವರಿಯಲ್ಲಿ ಗೆಳೆಯ ಮತ್ತೆ ಓಡಲು ಬಂದ. ಅಂದು ನಾನು ಮುಂದೆಯೇ ಇದ್ದೆ, ಏಕೆಂದರೆ ರಸ್ತೆಯ ಮೇಲಿನ ಜಲ್ಲೆಗಳನ್ನು ಕಾಲಿನಿಂದ ಬದಿಗೆ ಸರಿಸುವ ಕೆಲಸ ನಾನು ವಹಿಸಿಕೊಂಡಿದ್ದೆ. ಹಿಂದೆ ನಾಲ್ಕು ಕಾಲುಗಳ ಸದ್ದು ಬರುತ್ತಿತ್ತು. ಮಾಸ್ತರರದು ಗಟ್ಟಿಯಾದ, ಸಮನಾದ ಹೆಜ್ಜೆ. ಅವನದರಲ್ಲಿ ಬಲಗಾಲು ಗಟ್ಟಿಯಾಗಿ, ಎಡಗಾಲು ಅಂಜಿದಂತೆ ಹಗುರವಾಗಿ ಬೀಳುತ್ತಿತ್ತು. ಚೌಖಂಡಿ ದಾಟಿದ ಮೇಲೆ ಆ ಎಡ ಹೆಜ್ಜೆಗಳ ನಡುವಿನ ಅಂತರ ತುಸು ಹೆಚ್ಚಾದದ್ದು ಕಿವಿಗೆ ಬಿತ್ತು. ಅವನು ಏನನ್ನೂ ಹೇಳುವ ಮೊದಲೇ ನಾನು ವೇಗ ಇಳಿಸಿದೆ.