ಎರಡು ಮಂದೀದು ಬುತ್ತಿ

‘ಹುಡುಗನ್ನ ಒಳಗ ಇಳಸ್ರಿ, ಜಲ್ದಿ ಆಗ್ತದ.’

ಈ ಮಾತು ಆಡಿದ್ದು ನಾನೇ. ಟಾಕಿ ಕಿತ್ತುಕೊಂಡು ಹೋಗಿ ನಾಲ್ಕು ದಿನವಾಯಿತು, ಮಾತು ಮಾತ್ರ ಕಿವಿಯಿಂದ ಹೋಗವಲ್ಲದು.

ಬ್ರಹ್ಮಪುರದ ನಮ್ಮ ಹಳೇ ಮನೆಯ ಹಿತ್ತಲಲ್ಲಿ ಮುತ್ಯಾನ ಗಿರಣಿ ಇತ್ತು. ಕರೆಂಟ್ ನೆಚ್ಚುವಂತಿರಲಿಲ್ಲ; ಡೀಸೆಲ್ ಎಂಜಿನ್ ಮೇಲೆಯೇ ಜೋಳ ಬೀಸುತ್ತಿದ್ದ. ಎಣ್ಣೆ ತುಂಬಿಡಲು ಎರೆಮಣ್ಣಲ್ಲಿ ಕಬ್ಬಿಣದ ಟಾಕಿ ಹುಗಿದು, ಮೇಲೆ ಶಹಾಬಾದ್ ಪರ್ಸಿ ಹಾಸಿದ್ದ. ಗಿರಣಿ ನಿಂತು ಮೂವತ್ತು ವರ್ಷ. ಈಗ ಅಲ್ಲಿ ಪಾಯ ತೋಡಬೇಕು.

ಕಾಕಾ ಮೊದಲು ಗುಜರಿಯವನನ್ನು ಗ್ಯಾಸ್ ಕಟರ್ ಸಮೇತ ಕರೆತಂದ. ಕೊಯ್ದು ಒಯ್ದು, ಮೇಲೆ ಎರಡು ಸಾವಿರ ಕೊಡುತ್ತಾನಂತೆ. ಬರುವ ದುಡ್ಡು ಕಂಡರೆ ಕಾಕಾನಿಗೆ ಬೇರೇನೂ ಕಾಣುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿರುವ ಗೆಳೆಯ ಫೋನಿನಲ್ಲೇ ಬೈದ. ತುಂಬಿದ ಟಾಕಿಗಿಂತ ಬರಿದಾದ ಟಾಕಿಯೇ ಅಪಾಯ. ತಳದ ರಾಡಿ ಬಿಸಿಯಾದರೆ ಹಬೆ ಏಳುತ್ತದೆ, ಕಟರಿನ ಕಿಡಿ ಸಾಕು, ಸಿಡಿಯುತ್ತದೆ. ಕೊನೆಗೆ 18,000 ರೂಪಾಯಿಗೆ ಇದೇ ಕೆಲಸ ಮಾಡುವವರನ್ನು ಗೊತ್ತುಮಾಡಿದೆ. ‘ಗುಜರಿ ಒಯ್ಯಾಕ ನಾವೇ ರೊಕ್ಕ ಕೊಡೂದಾ?’ ಅಂತ ಕಾಕಾ ಮೂರು ದಿನ ಗೊಣಗಿದ.

ಬಂದವರು ಅರವತ್ತರ ಹತ್ತಿರದ ಮೇಸ್ತ್ರಿ, ಇಬ್ಬರು ಆಳು, ಮತ್ತೆ ಆ ಹುಡುಗ. ಉಳಿದ ಎಣ್ಣೆಯನ್ನು ಕೈಪಂಪಿನಿಂದ ಬ್ಯಾರಲ್ಲಿಗೆ ಎಳೆದರು, ಮುಚ್ಚಳ ತೆಗೆದಿಟ್ಟರು. ಆಮೇಲೆ ಮೇಸ್ತ್ರಿ ಗಾಳಿ ಅಳೆಯುವ, ಬೀಡಿ ಕಟ್ಟಿನಷ್ಟು ದೊಡ್ಡ ಮೀಟರೊಂದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ಸುಮ್ಮನೆ ಕಾಯುವುದು. ಬಿಸಿಲು ಬೇರೆ. ಆಗಲೇ ನನ್ನ ಬಾಯಿಂದ ಆ ಮಾತು ಬಂದದ್ದು.

ಮೇಸ್ತ್ರಿ ಸಿಟ್ಟಾಗಲಿಲ್ಲ. ಕೂಗಲು ಶುರುವಿಟ್ಟ ಮೀಟರನ್ನು ಎಳೆದು ತೋರಿಸಿದ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು ಇರಬೇಕಾದದ್ದು, ಒಳಗೆ 14. ‘ತುಕ್ಕು ತಿಂದದ್ರಿ,’ ಅಂದ. ಕಬ್ಬಿಣ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ ಅಂತ ಶಾಲೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವ ನಾನು. ಆಮೇಲೆ ಆತ ಬೇವಿನ ಗಿಡದ ಟೊಂಗೆಗೆ ತೂಗುಹಾಕಿದ ಚೀಲ ತೋರಿಸಿದ: ‘ಇವರವ್ವ ಮುಂಜಾನೆ ಎರಡು ಮಂದೀದು ಬುತ್ತಿ ಕಟ್ಯಾಳ್ರಿ, ನಂದೂ ಇವಂದೂ. ಸಂಜಿಗಿ ಒಂದು ಹಂಗೇ ತಿರುಗಿ ಒಯ್ದು ಏನು ಹೇಳಲ್ರಿ ಆಕಿಗಿ?’

ರಕ್ಷಣೆಯ ಸಾಧನವಿಲ್ಲದೆ ಶೌಚಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲೇ ಕಾಯ್ದೆ ಬಂದಿದೆ. ಸತ್ತವರ ಸುದ್ದಿ ಓದಿದಾಗೆಲ್ಲ ಇಳಿಸಿದವನು ಎಂಥ ಕಟುಕ ಅಂದುಕೊಳ್ಳುತ್ತಿದ್ದೆ. ಕಟುಕನಲ್ಲ, ಊಟದ ಹೊತ್ತಾಯಿತು ಅಂತ ಅವಸರಪಟ್ಟವನು ಇದ್ದಾನು. ಕಾಕಾನನ್ನು ಇಷ್ಟು ಆಡಿಕೊಂಡೆನಲ್ಲ, ಆತ ರೊಕ್ಕ ಉಳಿಸಲು ನೋಡಿದ. ನಾನು ಉಳಿಸಲು ನೋಡಿದ್ದು ಬರೀ ಅರ್ಧ ತಾಸು.

ಯಾರೂ ಒಳಗಿಳಿಯಲಿಲ್ಲ. ಮೇಲಿನಿಂದಲೇ ತೊಳೆದು, ರಾಡಿಯನ್ನು ಬೇರೆ ಬ್ಯಾರಲ್ಲಿಗೆ ತುಂಬಿ, ಮರುದಿನ ಟಾಕಿಯನ್ನು ಇಡಿಯಾಗಿ ಕ್ರೇನಿನಿಂದ ಎತ್ತಿದರು. ಕಿಡಿಯ ಕೆಲಸವೇ ಇಲ್ಲ.

ಅವತ್ತು ಮಧ್ಯಾಹ್ನ ಮಜ್ಜಿಗೆ ಒಯ್ದು ಕೊಟ್ಟೆ. ಹುಡುಗ ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ, ‘ತಗೋರಿ ಅಣ್ಣಾ’ ಅಂತ ನನಗೂ ಒಂದು ತುಣುಕು ಚಾಚಿದ.